ತುಂಬಿದ ಕೊಡ ತುಳುಕಿದ ದಿನ

ಗೋಳಿಬೇಲೆಯ ಅಳಿವೆ, ದೋಣಿಯೊಳಗಿಂದ.
ಐದನೆಯ ಜರಿತದ ಹದಿನಾಲ್ಕನೆಯ ಮಳೆಗಾಲ. ನಿಮ್ಮ ಲೆಕ್ಕದಲ್ಲಿ ಇಸವಿ ೨೨೧೮ರ ಆಷಾಢ.

ಏಳು ತಲೆಮಾರು ಹಿಂದಿನ ಹಿರಿಯರಿಗೆ,

ಇಸವಿ ನೋಡಿ ಹುಬ್ಬೇರಿಸಬೇಡಿ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಬಹುದು, ಅದಕ್ಕೆ ಕ್ಷಮೆಯಿರಲಿ. ನಾವು ಕಾಲವನ್ನು ಎಣಿಸುವುದು ಗುಡ್ಡ ಜರಿದ ಲೆಕ್ಕದಲ್ಲಿ. ಹೆರಿಗೆಯಾದ ಕುಟುಂಬದ ಹಿರಿಯ ಹೆಂಗಸು ಗತಿಸಿದವರಿಗೊಂದು ಓಲೆ ಬರೆಯಬೇಕೆಂಬ ಪದ್ಧತಿ ನಮ್ಮಲ್ಲಿದೆ. ಅದಕ್ಕೆ ಹಿನ್ನೋಲೆ ಎನ್ನುತ್ತೇವೆ. ‘ಕೂಸು ಹುಟ್ಟಿತು, ಎಲ್ಲ ನಿಮ್ಮ ಪುಣ್ಯ’ ಎಂದು ಎರಡು ಸಾಲು ಬರೆದು ಹೊಳೆಗೆ ಬಿಟ್ಟರೆ ಮುಗಿಯಿತು. ನಾನು ಬೊಮ್ಮಿ ಅಂಬಿಗ, ನಿಮ್ಮದೇ ಕುಡಿ. ನಿನ್ನೆ ನನ್ನ ಮಗಳು ಯಶೋದಿ ಇದೇ ದೋಣಿಯಲ್ಲಿ ಹೆಣ್ಣುಕೂಸನ್ನು ಹೆತ್ತಳು. ಆದರೆ ‘ನಿಮ್ಮ ಪುಣ್ಯ’ ಎಂದು ಬರೆಯಲು ನನಗೆ ಕೈ ಬರುತ್ತಿಲ್ಲ. ಆದ್ದರಿಂದ ಈ ಓಲೆ ಉದ್ದವಾಗಿದೆ.

ಕೊಟ್ಟೆಗುಡ್ಡದ ಬುಡ ಕಡಿದು ರಸ್ತೆ ಅಗಲ ಮಾಡಿದವರು ನಿಮ್ಮ ಕಾಲದವರು. ಮೇಲೆ ಜಂಬಿಟ್ಟಿಗೆ ಕಲ್ಲು, ಅದರಡಿಯಲ್ಲಿ ನೀರು ಕುಡಿದರೆ ಬೆಣ್ಣೆಯಂತೆ ಜಾರುವ ಶೇಡಿಮಣ್ಣು. ಬಾವಿ ತೋಡಿದ ನಿಮಗೆಲ್ಲ ಇದು ಗೊತ್ತಿತ್ತು. ಬಯಲುಸೀಮೆಯ ರಸ್ತೆಯನ್ನು ನೋಡಿ ನಮ್ಮೂರಿಗೂ ಅಂಥದ್ದೇ ಬೇಕೆಂದಿರಿ. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿತಂತೆ. ನರಿಯಾದರೂ ತನ್ನ ಮೈಮೇಲೆ ಹಾಕಿಕೊಂಡಿತು; ನೀವು ಗುಡ್ಡದ ಮೈಮೇಲೆ ಹಾಕಿದಿರಿ. ಕಡಿದ ಗುಡ್ಡ ಒಂದೇ ಸಲಕ್ಕೆ ಬೀಳಲಿಲ್ಲ. ನಿಮ್ಮ ರಸ್ತೆಯನ್ನು ನುಂಗಿ, ಸ್ವಲ್ಪ ಕಾಲ ಸುಮ್ಮನಿದ್ದು, ಮತ್ತೆ ಜರಿಯಿತು. ಪಡುವಣದಿಂದ ಕಡಲು ದಂಡೆಯನ್ನು ಕೊರೆಯುತ್ತ ಬಂತು. ಎರಡರ ನಡುವೆ ಉಳಿದ ಚೂರು ನೆಲದಲ್ಲಿ ನಾವಿದ್ದೆವು.

ನಮ್ಮಲ್ಲಿ ‘ಮನೆ’ ಎಂಬ ಮಾತು ಹಾಡುಗಳಲ್ಲಷ್ಟೇ ಇದೆ. ನಾವಿರುವುದು ತಂಗಿನಲ್ಲಿ. ತಂಗು ಎಂದರೆ ನಾಲ್ಕು ಜನ ಹೊತ್ತು ಸಾಗಿಸಬಹುದಾದ ಬಿದಿರಿನ ಬಿಡಾರ. ಅದಕ್ಕೆ ಅಡಿಪಾಯವಿಲ್ಲ. ಒಲೆಯನ್ನು ಕಬ್ಬಿಣದ ಬಾಣಲೆಯಲ್ಲಿ ಹೂಡುತ್ತೇವೆ, ಏಕೆಂದರೆ ಒಲೆಯೂ ನಮ್ಮೊಡನೆ ಬರಬೇಕು. ಬಾವಿ ತೋಡುವುದಿಲ್ಲ, ತೆಂಗು ನೆಡುವುದಿಲ್ಲ. ಫಲ ಬರುವ ತನಕ ಕಾಯುವ ನೆಲ ಯಾರಲ್ಲಿದೆ? ಮದುಮಗಳಿಗೆ ಚಿನ್ನವಿಡದೆ ಲಾವಂಚದ ಬುಡ ಕೊಡುತ್ತೇವೆ, ಮಣ್ಣನ್ನು ಹಿಡಿಯುವ ಬೇರು ಅದೊಂದೇ ಎಂದು. ಮಳೆಗಾಲದಲ್ಲಿ ತಾಯಂದಿರು ಮಕ್ಕಳ ಕಾಲಿಗೂ ತಮ್ಮ ಕಾಲಿಗೂ ಒಂದೇ ಹಗ್ಗ ಬಿಗಿದು ಮಲಗುತ್ತಾರೆ. ಇದನ್ನು ಕೇಳಿ ನೀವು ಅಯ್ಯೋ ಎನ್ನಬಹುದು. ನಿಮ್ಮ ಅಯ್ಯೋ ನಮಗೆ ಬೇಡ.

ನಿಮ್ಮ ಒಂದು ಮಾತು ಇಲ್ಲಿ ಇನ್ನೂ ಬದುಕಿದೆ. ಗುಡ್ಡ ಬಿದ್ದಾಗಲೆಲ್ಲ ನೀವು ‘ಪ್ರಕೃತಿ ವಿಕೋಪ’ ಎನ್ನುತ್ತಿದ್ದಿರಂತೆ. ನಮ್ಮಲ್ಲಿ ವಿಕೋಪವೆಂದರೆ ತಾನು ಮಾಡಿದ್ದನ್ನು ಇನ್ನೊಬ್ಬರ ತಲೆಗೆ ಕಟ್ಟುವುದು. ಮೀನು ಕದ್ದ ಹುಡುಗ ಬೆಕ್ಕಿನ ಕಡೆ ಬೆರಳು ತೋರಿಸಿದರೆ, “ವಿಕೋಪ ಹೇಳ್ಬೇಡ, ಬಾಯಿ ತೆಗಿ ಕಾಂಬ” ಎಂದು ಅವನ ಅಜ್ಜಿ ಗದರುತ್ತಾಳೆ. ಇಷ್ಟು ಉಪಯುಕ್ತವಾದ ಪದವನ್ನು ಬಿಟ್ಟುಹೋದದ್ದಕ್ಕೆ ಮಾತ್ರ ನಿಮಗೆ ಋಣಿಯಾಗಿದ್ದೇವೆ.

ಇನ್ನು ಕೊಡದ ವಿಷಯ. ತುಂಬಿದ ಕೊಡ ತುಳುಕುವುದಿಲ್ಲ ಎಂಬುದು ನಿಮ್ಮ ಗಾದೆ. ನಮ್ಮ ಕೊಡ ತುಳುಕುತ್ತದೆ. ಪ್ರತಿ ತಂಗಿನ ನಡುವೆ, ಬರಿ ನೆಲದ ಮೇಲೆ, ಬಾಯಿಯ ಅಂಚಿನ ತನಕ ನೀರು ತುಂಬಿದ ತಾಮ್ರದ ಕೊಡವೊಂದು ಇರುತ್ತದೆ. ಅದನ್ನು ಯಾರೂ ಮುಟ್ಟುವಂತಿಲ್ಲ. ನೆಲ ಸರಿದರೆ ಕೊಡ ಓರೆಯಾಗಿ ನೀರು ಚೆಲ್ಲುತ್ತದೆ. ಚೆಲ್ಲಿದ ದಿನ ಶಂಖ ಊದಬೇಕು, ತಂಗು ಹೊತ್ತು ಊರೆಲ್ಲ ಏಳಬೇಕು.

ಯಶೋದಿಗೆ ದಿನ ತುಂಬಿತ್ತು. ಅವಳು ಹುಟ್ಟಿದ್ದು ಓಡುವ ದಾರಿಯಲ್ಲಿ, ನೆರೆದದ್ದು ಇನ್ನೊಂದು ದಾರಿಯಲ್ಲಿ. ತನ್ನ ಕೂಸಾದರೂ ನಿಂತ ನೆಲದಲ್ಲಿ ಹುಟ್ಟಬೇಕೆಂಬುದು ಅವಳ ಹಟ. ಗುಡ್ಡಕ್ಕೆ ಎಲ್ಲರಿಗಿಂತ ಹತ್ತಿರವಿದ್ದದ್ದು ನಮ್ಮ ತಂಗು, ನೆಲ ಮೊದಲು ಸರಿಯುವುದು ಅಲ್ಲೇ. ಈ ಸಲ ಆಕಾಶ ಹರಿದಂತೆ ಮಳೆ ಸುರಿಯುತ್ತಿದ್ದರೂ ನಮ್ಮ ಕೊಡ ಅಲುಗಲಿಲ್ಲ. ನಾನೂ ಖುಷಿಪಟ್ಟೆ, ಸುಳ್ಳೇಕೆ ಹೇಳಲಿ. ನಿನ್ನೆ ಬೆಳಿಗ್ಗೆ ಗುಡಿಸುವಾಗ ಕೊಡದ ಮೂಡಣದ ನೆಲ ತೇವವಾಗಿದ್ದುದನ್ನು ಕಂಡೆ. ಬಗ್ಗಿ ನೋಡಿದರೆ ಕೊಡದ ಅಡಿಯಲ್ಲಿ ತೆಂಗಿನ ಚಿಪ್ಪಿನದೊಂದು ಚಕ್ಕೆ. ನೆಲ ಓರೆಯಾದಾಗಲೆಲ್ಲ ನನ್ನ ಮಗಳು ಚೆಲ್ಲಿದ ನೀರನ್ನು ಒರೆಸಿ, ಚಕ್ಕೆ ಸಿಕ್ಕಿಸಿ, ಕೊಡವನ್ನು ಮತ್ತೆ ತುಂಬಿಸಿಟ್ಟಿದ್ದಳು.

ನನಗೆ ಮೈ ಉರಿದುಹೋಯಿತು. “ಎಂಥ ಮಾಡ್ದೆ ಹೆಣ್ಣೆ? ಊರನ್ನೇ ಕೊಲ್ಲುಕೆ ಹೊರಟ್ಯಾ?” ಎಂದು ಕೈಯೆತ್ತಿದೆ.

ಅವಳು ಹೊಟ್ಟೆಗೆ ಕೈಯಡ್ಡ ಹಿಡಿದು, “ಹೊಡಿ ಅವ್ವಿ. ಎಲ್ಲಿಗೂ ಬರುದಿಲ್ಲ ನಾನು. ಇದು ಹುಟ್ಟು ತನಕ ಒಂದ್ ನಾಕ್ ದಿನ ನಿಂತ್ಕಂಡಿರು ಅಂದೆ ನೆಲಕ್ಕೆ, ಅಷ್ಟೇ. ಅದೂ ತಪ್ಪಾ?” ಎಂದಳು.

ಎತ್ತಿದ ಕೈ ಹಾಗೆಯೇ ನಿಂತಿತು. ಇವಳಿಗೆ ಈ ಬುದ್ಧಿ ಎಲ್ಲಿಂದ ಬಂತೆಂದು ಹೊಳೆದದ್ದು ಆಗ. ಕಡಿದ ಗುಡ್ಡಕ್ಕೆ ಸಿಮೆಂಟು ಬಳಿದಿರಿ, ತಂತಿಯ ಬಲೆ ಹೊದಿಸಿದಿರಿ, ಬಿದ್ದ ಮಣ್ಣನ್ನು ಬಾಚಿ ರಸ್ತೆ ತೆರೆದು ದೀಪ ಹಾಕಿದಿರಿ. ಅವೆಲ್ಲ ಕೊಡದ ಅಡಿಯ ಚಕ್ಕೆಗಳಲ್ಲವೇ? ಆದರೆ ಅವಳು ಚಕ್ಕೆ ಇಟ್ಟದ್ದು ಹೊಟ್ಟೆಯೊಳಗಿನ ಕೂಸಿಗಾಗಿ. ನೀವು ಇಟ್ಟದ್ದು ಊರಿಂದೂರಿಗೆ ಸ್ವಲ್ಪ ಬೇಗ ತಲುಪುವುದಕ್ಕಾಗಿ. ಅವಳನ್ನು ಕ್ಷಮಿಸಿದ್ದೇನೆ. ನಿಮ್ಮನ್ನು ಕ್ಷಮಿಸಲು ಬಹಳ ಪ್ರಯತ್ನಪಟ್ಟೆ, ಆಗಲಿಲ್ಲ.

ಶಂಖ ಊದಿದೆ. ಅಷ್ಟರಲ್ಲೇ ಅವಳಿಗೆ ನೋವು ಶುರುವಾಗಿತ್ತು. ಮಂಚದ ಸಮೇತ ದೋಣಿಗೆ ಹೊತ್ತು ತಂದೆವು. ದಂಡೆ ಬಿಟ್ಟು ನಡುಹೊಳೆಗೆ ಬರುವಷ್ಟರಲ್ಲಿ ಗೋಳಿಬೇಲೆ ಕೊಟ್ಟೆಗುಡ್ಡದ ಕೆಳಗೆ ಹೋಯಿತು. ನಾಲ್ಕು ದಿನ ಮೊದಲೇ ಶಂಖ ಊದಿದ್ದರೆ ತಂಗುಗಳೂ ಆಡುಗಳೂ ಉಳಿಯುತ್ತಿದ್ದವು. ನಡೆಯಲಾರದ ನನ್ನ ಭಾವ ಜಟ್ಟಿಯನ್ನು ಹೊತ್ತು ತರಲು ಹೋದವರು ಅವನ ಬಾಗಿಲನ್ನೂ ಮುಟ್ಟಲಾಗದೆ ಹಿಂದಿರುಗಿದರು. ಮಣ್ಣಿನ ಸದ್ದು ಅಡಗುವ ಮೊದಲೇ ಕೂಸು ಅತ್ತಿತು. ದೋಣಿಯಲ್ಲಿದ್ದ ಒಬ್ಬರೂ ನಗಲಿಲ್ಲ. ಯಶೋದಿ ಇನ್ನೂ ಕೂಸಿನ ಮುಖ ನೋಡಿಲ್ಲ, ಗೋಡೆಯಿಲ್ಲದ ದೋಣಿಯಲ್ಲಿ ಗೋಡೆಯ ಕಡೆ ತಿರುಗಿದವಳಂತೆ ಮಲಗಿದ್ದಾಳೆ.

ಈ ಓಲೆ ನಿಮಗೆ ತಲುಪಿದರೆ ಗುಡ್ಡವನ್ನು ಬಿಟ್ಟುಬಿಡಿ ಎಂದು ಕೇಳಬೇಕು. ಕೇಳುತ್ತಿದ್ದೇನೆ. ನೀವು ಬಿಡಲಿಲ್ಲವೆಂಬುದು ನನಗೆ ಗೊತ್ತು, ಬಿಟ್ಟಿದ್ದರೆ ಈ ಓಲೆ ಬರೆಯಬೇಕಾಗಿರಲಿಲ್ಲ. ಆದರೂ ಹಿರಿಯರೆನಿಸಿಕೊಂಡಿದ್ದೀರಿ, ಒಂದು ಮಾತಿಗಾದರೂ ಉತ್ತರ ಕೊಡಿ. ಹುಟ್ಟಿದ ಮೂರನೆಯ ದಿನ ಕೂಸನ್ನು ಬರಿ ನೆಲದ ಮೇಲೆ ಮಲಗಿಸಿ, ‘ಇದು ನಿನ್ನ ಊರು’ ಎಂದು ಅದರ ಕಿವಿಯಲ್ಲಿ ಹೇಳುವುದು ಅಜ್ಜಿಯ ಕೆಲಸ. ನಾಳೆ ಮೂರನೆಯ ದಿನ. ಬಲಗಡೆ ಕಡಲು, ಎಡಗಡೆ ಇನ್ನೂ ಜರಿಯುತ್ತಿರುವ ಕೆಂಪು ಮಣ್ಣು. ಕೂಸು ನನ್ನ ಮಡಿಲಲ್ಲಿದೆ. ಎಲ್ಲಿ ಇಳಿಸಲಿ, ಹೇಳಿ.