ಪರಮಪ್ರಸಾದಕ್ಕೆ ಏಳದ ಭಾನುವಾರ

ಹಲಸೂರು, 2002

ರೆಜೀನಾ,

ನಾನು ಬರೆದ ಪತ್ರಗಳೆಲ್ಲ ಒಡೆಯದೇ ವಾಪಸ್ ಬಂದ್ವು. ಇದನ್ನ ಅಂಚೆಗೆ ಹಾಕಲ್ಲ, ಸುಮ್ನೆ ಹೇಳ್ಕೋತೀನಿ.

ನಿನ್ನೆ ಪಕ್ಕದ್ಮನೆ ಬದ್ರುನ್ನೀಸಾ ಮಗಳು ಲೈಬಾಗೆ ಎರಡನೇ ಮದುವೆ ಆಯ್ತು. ಮೊದಲನೇ ಗಂಡನ್ನ ಬಿಟ್ಟು ಇನ್ನೂ ವರ್ಷ ಆಗಿಲ್ಲ, ಅವರ ಹಿರಿಯರೇ ಮುಂದೆ ನಿಂತು ಮಾಡಿಸಿದ್ರು. ನಾನೂ ಬಿರಿಯಾನಿ ತಿಂದು, ಹುಡುಗಿ ತಲೆ ಸವರಿ, ‘ಚೆನ್ನಾಗಿರಮ್ಮ’ ಅಂದೆ. ಬದ್ರುನ್ನೀಸಾ ತಟ್ಟೆಗೆ ಇನ್ನಷ್ಟು ಬಡಿಸ್ತಾ, ‘ರೆಜೀನಾಗೂ ಎರಡನೇ ಮದುವೆ ಆಯ್ತಲ್ಲ, ನಮ್ಮನ್ನ ಯಾಕಕ್ಕಾ ಊಟಕ್ಕೆ ಕರೀಲಿಲ್ಲ?’ ಅಂದ್ಳು. ಕುಹಕ ಇರಲಿಲ್ಲ, ನಿಜವಾಗ್ಲೂ ಕೇಳಿದ್ಳು. ನಿನ್ನ ಮದುವೆ ದಿನ ರಿಜಿಸ್ಟ್ರಾರ್ ಆಫೀಸಿಗೆ ನಾನೇ ಬಂದಿರಲಿಲ್ಲ ಅಂತ ಹೇಗೆ ಹೇಳ್ಲಿ?

ಇವತ್ತು ಚರ್ಚಲ್ಲಿ ಪೂಜೇಲಿ ಪರಮಪ್ರಸಾದ ತಗೊಳ್ಳೋಕೆ ಎಲ್ಲರೂ ಎದ್ರು. ನನಗೆ ಏಳೋಕೆ ಮನಸ್ಸು ಬರ್ಲಿಲ್ಲ. ಬೆಂಚಲ್ಲಿ ಒಬ್ಬಳೇ ಕೂತೆ. ನನ್ನ ಮಂಡಿ ದಾಟ್ಕೊಂಡು ಹೋದವರೆಲ್ಲ ಒಂದ್ಸಲ ಮುಖ ನೋಡಿ, ಆಮೇಲೆ ನೋಡದ ಹಾಗೆ ಹೋದ್ರು. ಫಿಲೋಮಿನಾ ಮಾತ್ರ ಬಗ್ಗಿ, ‘ಏನ್ರೀ, ಪ್ರಸಾದಕ್ಕೆ ಏಳ್ಲಿಲ್ಲ, ಸ್ವಾಮಿಯವರ ಹತ್ರ ಪಾಪನಿವೇದನೆ ಬಾಕಿ ಇದ್ಯಾ?’ ಅಂತ ನಕ್ಕಳು.

ಮೊದಲನೇ ಮದುವೆನ ಕೋರ್ಟು ಬಿಡಿಸಿದ್ರೂ ಚರ್ಚು ಬಿಡಿಸಿಲ್ಲ, ಮತ್ತೆ ಮದುವೆಯಾದವಳಿಗೆ ಪ್ರಸಾದ ಕೊಡೋ ಹಾಗಿಲ್ಲ ಅಂತ ಸ್ವಾಮಿಯವರು ಹೇಳಿದ ಮೇಲೂ, ಬರೋದನ್ನೇ ನಿಲ್ಲಿಸೋ ತನಕ, ನೀನು ಎಷ್ಟೋ ಭಾನುವಾರ ಬಂದು ನನ್ನ ಪಕ್ಕ ಕೂತೆ. ಪ್ರತಿ ಸಲ ನಾನು ಪ್ರಸಾದಕ್ಕೆ ಎದ್ದಾಗ ನೀನು ಕಾಲು ಹಿಂದಕ್ಕೆ ಎಳ್ಕೊಂಡು, ನನ್ನ ಸೆರಗು ಬೆಂಚಿಗೆ ಸಿಕ್ಕದ ಹಾಗೆ ಹಿಡಿದು, ನನಗೆ ದಾರಿ ಬಿಡ್ತಿದ್ದೆ.

ಅಮ್ಮ