ನನ್ನ ಹಾಸಿನ ತುದಿ ಕೀಳಿಸಿದವರಿಗೆ

ನೇಕಾರರ ಸಂಘದ ಮಾನ್ಯ ಅಧ್ಯಕ್ಷರೇ,

ನಾನು ಬದುಕಿದ್ದೇನೆ. ಇದರಿಂದ ನಿಮಗಾದ ತೊಂದರೆಗೆ ಕ್ಷಮೆ ಕೇಳುವ ಉದ್ದೇಶ ನನಗಿಲ್ಲ. ಬೆಳಗಾವಿಯಲ್ಲಿ ನಾನು ಎದೆಯ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದಾಗ, ಇಲ್ಲಿ ರಬಕವಿಯ ಸಂಘದ ಶೆಡ್ಡಿನಲ್ಲಿ ನನ್ನ ಮಗ್ಗದ ಮೇಲಿದ್ದ ಹಾಸಿನ ತುದಿಯನ್ನು ಕೀಳಿಸಿ ಹಾಕಿದಿರಿ. ಯಾರನ್ನು ಕೇಳಿ?

ಈ ಪತ್ರ ಓದುವ ಹೊರಗಿನವರಿಗಾಗಿ ಹೇಳುತ್ತೇನೆ, ನಿಮಗೆ ಗೊತ್ತಿರಬೇಕಿತ್ತು. ಸೀರೆ ಮುಗಿದ ಮೇಲೆ ನಾವು ಮಗ್ಗದ ಉದ್ದಕ್ಕೂ ಎಳೆದ ಹಾಸಿನ ನೂಲನ್ನು ಪೂರ್ತಿ ತೆಗೆಯುವುದಿಲ್ಲ. ಬಾಚಣಿಗೆಯಂಥ ಹಣಿಗೆಯಲ್ಲಿ ಗೇಣುದ್ದ ಎಳೆಗಳನ್ನು ಬಿಟ್ಟಿರುತ್ತೇವೆ. ಹೊಸ ಹಾಸು ಬಂದಾಗ ಒಂದೊಂದು ಎಳೆಯನ್ನೂ ಅದಕ್ಕೆ ಕೆಚ್ಚಿ, ಅಂದರೆ ಹೊಸೆದು ಜೋಡಿಸಿ, ಮುಂದೆ ನೇಯುತ್ತೇವೆ. ನೇಯುವವಳು ಕಾಯಿಲೆ ಬಿದ್ದರೂ ಬಾಣಂತನಕ್ಕೆ ಹೋದರೂ ಆ ತುದಿ ಅಲ್ಲೇ ಇರುತ್ತದೆ. ನಮ್ಮ ಶೆಡ್ಡಿನಲ್ಲಿ ಅದನ್ನು ಕೀಳುವುದು ಅವಳು ಸತ್ತ ಮೇಲೆ ಮಾತ್ರ. ನನ್ನ ತಿಥಿಯನ್ನು ನೀವು ಮುಂಚಿತವಾಗಿಯೇ ಮುಗಿಸಿದ್ದೀರಿ. ಊಟಕ್ಕೆ ಕರೆಯಲಿಲ್ಲವಲ್ಲ ಎಂಬುದಷ್ಟೇ ಬೇಸರ.

ಚಿಕಿತ್ಸೆ ಮುಗಿದ ದಿನ ಖುಷಿಯಾಗುತ್ತದೆ ಅಂದುಕೊಂಡಿದ್ದೆ. ಹೆದರಿಕೆಯಾಯಿತು. ಆಸ್ಪತ್ರೆಯಲ್ಲಿ ಇವತ್ತು ಏನು ಮಾಡಬೇಕೆಂದು ಯಾರಾದರೂ ಹೇಳುತ್ತಿದ್ದರು. ಮನೆಗೆ ಬಂದ ಮೇಲೆ ಮುಂದೇನು ಎಂದು ನಾನೇ ನಿರ್ಧರಿಸಬೇಕು. ಜಮಖಂಡಿಗೆ ಬಂದು ತನ್ನ ಹತ್ತಿರ ಇರು ಎಂದು ಅಕ್ಕ ಅಂದಳು. ಮಗಳು ಮುಧೋಳದಲ್ಲಿ ಬಟ್ಟೆ ಅಂಗಡಿ ಹಾಕೋಣ ಅಂದಳು. ವಾರಗಟ್ಟಲೆ ಯೋಚಿಸಿ, ಕೈ ಆಡುವಷ್ಟು ಹೊತ್ತು ನನ್ನ ಮಗ್ಗದಲ್ಲೇ ಕೂರುವುದು ಎಂದು ತೀರ್ಮಾನಿಸಿದೆ. ದಣಿಯದಂತೆ ಅಷ್ಟಷ್ಟೇ ನೇಯಬಹುದು ಎಂದು ಡಾಕ್ಟರೂ ಒಪ್ಪಿದರು.

ಬಂದು ನೋಡಿದರೆ ಮಗ್ಗ ನನ್ನ ತಲೆಯ ಹಾಗೆಯೇ ಬೋಳಾಗಿತ್ತು. ಪಕ್ಕದ ಮಗ್ಗದ ಅಂಜನಾ ನನ್ನನ್ನು ಕಂಡವಳೇ ಅತ್ತಳು. "ನಾ ಬ್ಯಾಡಂದ್ನಿ ಅಕ್ಕಾ. ಆಕಿ ಎಲ್ಲಿ ತಿರುಗಿ ಬರ್ತಾಳ ಅಂದ್ರು ಅಧ್ಯಕ್ಷರು. ತಮ್ಮ ಸೊಸಿಗೆ ಬೇಕಂತ ಕೀಳಿಸಿದ್ರು." ಆ ಸೊಸೆ ಇದುವರೆಗೆ ಒಂದು ದಿನವೂ ಅಲ್ಲಿ ಕೂತಿಲ್ಲ. ಅಷ್ಟರಲ್ಲಿ ನೀವು ಬಾಗಿಲಿಗೆ ಬಂದು ನಿಂತು ಕರುಣೆಯಿಂದ ಅಪ್ಪಣೆ ಕೊಡಿಸಿದಿರಿ: "ತಾರವ್ವಾ, ದೇವ್ರು ಉಳಿಸ್ಯಾನ. ಇನ್ನ ಮನ್ಯಾಗ ಆರಾಮ ಕುಂತು ಕಂಡಕಿ ಸುತ್ತಕೋತ ಇರ್ರಿ."

ಬೇರೆಯವರ ಸೀರೆಗೆ ಕಂಡಕಿಯ ಮೇಲೆ ನೂಲು ಸುತ್ತಿಕೊಡಲಿಕ್ಕೇ ದೇವರು ನನ್ನನ್ನು ಉಳಿಸಿದನೇ? ಇದನ್ನು ಅವನು ನಿಮ್ಮೊಬ್ಬರಿಗೇ ತಿಳಿಸಿದನೇ? ಕ್ಯಾನ್ಸರ್ ನನ್ನ ಒಂದು ಮೊಲೆಯನ್ನು ತೆಗೆದುಕೊಂಡಿತು. ಅದಕ್ಕೆ ನನ್ನ ಗುರುತಿರಲಿಲ್ಲ, ಅದರ ಮೇಲೆ ನನಗೆ ಸೇಡೂ ಇಲ್ಲ. ನಿಮಗೆ ನನ್ನ ಗುರುತು ಚೆನ್ನಾಗಿಯೇ ಇತ್ತು. ಆದ್ದರಿಂದ ನಿಮ್ಮ ಮೇಲೆ ಇದೆ, ಮುಚ್ಚಿಡುವುದಿಲ್ಲ. ದಿನಾ ಕೈಯ ವ್ಯಾಯಾಮ ಮಾಡುವಾಗ ನೋವಾದರೆ ನಿಮ್ಮ ಮುಖ ನೆನೆಯುತ್ತೇನೆ, ಕೈ ಇನ್ನಷ್ಟು ಮೇಲೇಳುತ್ತದೆ.

ತುದಿಯಿಲ್ಲದ ಮಗ್ಗಕ್ಕೆ ಹೊಸ ಹಾಸು ಏರಿಸಲು ಇಬ್ಬರು ಬೇಕು. ಹಿಂದೆ ಕೂತವರು ತಲೆ ಬಗ್ಗಿಸಿ ಒಂದೊಂದೇ ಎಳೆ ಆರಿಸಿ ಕೊಡಬೇಕು, ಮುಂದೆ ಕೂತವರು ಅದನ್ನು ಹಣಿಗೆಯಿಂದ ಎಳೆದುಕೊಳ್ಳಬೇಕು. ಎಳೆಗಳು ಸಾವಿರಾರು. ನನ್ನ ಬೇಡಿಕೆ ಇಷ್ಟೇ: ಮುಂದೆ ನಾನು ಕೂರುತ್ತೇನೆ, ಹಿಂದೆ ನೀವು ಕೂರಬೇಕು. ಸೊಸೆಯನ್ನಾಗಲಿ ಆಳನ್ನಾಗಲಿ ಕಳಿಸಬಾರದು. ಬನಹಟ್ಟಿಯಿಂದಲೂ ಮಂದಿ ನೋಡಲು ಬರುತ್ತಾರೆ, ಅಂಜನಾ ಚಹಾ ಮಾಡುತ್ತಾಳೆ. ನನಗೆ ಈಗ ಬೇಗ ದಣಿವಾಗುತ್ತದೆ, ನಡುನಡುವೆ ಹೋಗಿ ಮಲಗುತ್ತೇನೆ. ನಾನು ಎದ್ದು ಬರುವವರೆಗೆ ನೀವು ಎಳೆ ಹಿಡಿದುಕೊಂಡೇ ಕೂತಿರಬೇಕು.

ಇಂತಿ,
ನಿಮ್ಮ ಪಾಲಿಗೆ ಸತ್ತು, ಸೋಮವಾರ ಕೆಲಸಕ್ಕೆ ಬರಲಿರುವ
ತಾರವ್ವ