ಸೀರೆ ಗಾರ್ಡ್ ಇಲ್ಲದ ಗಾಡಿ

ಅಕ್ಕಿಆಲೂರು,
೬ ನವೆಂಬರ್ ೨೦೨೫

ಚಿರಂಜೀವಿ ತನುಜಾಳಿಗೆ ನಿನ್ನ ಅವ್ವನ ಆಶೀರ್ವಾದ.

ಇಲ್ಲಿ ನಾನು, ನಿನ್ನ ಅಜ್ಜಿ, ಎಮ್ಮೆ ಮೂವರೂ ಆರಾಮ ಇದ್ದೇವೆ. ನೀನು ಆರಾಮ ಇದ್ದೀ ಅಂತ ನಿನ್ನ ಹಾಸ್ಟೆಲಿನ ಗೆಳತಿ ಶ್ವೇತಾಳನ್ನು ಕೇಳಿ ತಿಳಿದುಕೊಂಡೆ. ಕಾಗದ ಬರೆಯುವುದು ತಡವಾಯಿತು, ಅದಕ್ಕೆ ಕ್ಷಮೆ ಇರಲಿ. ಪುರಸೊತ್ತು ಇರಲಿಲ್ಲ ಅನ್ನುವುದು ಅರ್ಧ ನಿಜ, ಸಿಟ್ಟು ಇಳಿದಿರಲಿಲ್ಲ ಅನ್ನುವುದು ಇನ್ನರ್ಧ. ನೀನು ದಸರಾಕ್ಕೆ ಬರಲಿಲ್ಲ, ದೀಪಾವಳಿಗೂ ಬರಲಿಲ್ಲ. ಐವತ್ತು ದಿನದಿಂದ ಫೋನ್ ಎತ್ತಿಲ್ಲ. ಫೋನಾದರೆ ಒಂದು ಬೆರಳಿನಲ್ಲಿ ಕಟ್ ಮಾಡುತ್ತಿ. ಕಾಗದ ಹರಿಯುವ ಮೊದಲು ಎರಡು ಸಾಲಾದರೂ ಕಣ್ಣಿಗೆ ಬೀಳುತ್ತವೆ ಅಂತ ನಿನ್ನ ಹಳೆಯ ನೋಟ್‌ಬುಕ್ಕಿನ ಹಾಳೆ ಕಿತ್ತುಕೊಂಡು ಕೂತಿದ್ದೇನೆ.

ನಿನ್ನ ಕಡೆಯ ಮೆಸೇಜು ನನಗೆ ಬಾಯಿಪಾಠವಾಗಿದೆ. ಸವಣೂರಿನ ಗ್ಯಾರೇಜಿನಲ್ಲಿ ನಿಮ್ಮಪ್ಪನ ಗಾಡಿ ಬರೀ ಎಲುಬಾಗಿ ನಿಂತಿದ್ದ ಫೋಟೋವನ್ನು ನಿನ್ನ ದೊಡ್ಡಪ್ಪ ಮಹಾಲಿಂಗಪ್ಪನವರು ನಿನಗೆ ಕಳಿಸಿದರು. ನೀನು ನನಗೆ ಬರೆದೆ, "ಅಪ್ಪನ್ನ ಎರಡನೇ ಸಲ ಮಣ್ಣು ಮಾಡಿದಿ ನೋಡವ್ವಾ" ಅಂತ. ಓದುವಾಗ ಹಂಚಿನ ಮೇಲೆ ರೊಟ್ಟಿ ಇತ್ತು. ಅದು ಸುಟ್ಟು ಕರಕಲಾದರೂ ನನಗೆ ಗೊತ್ತಾಗಲಿಲ್ಲ. ಆವತ್ತು ಅತ್ತಿದ್ದು ಸಾಕು, ಈಗ ಉತ್ತರ ಕೊಡುತ್ತೇನೆ. ಹೌದು, ಬಿಚ್ಚಿಸಿದೆ. ನಾನೇ ಎದುರು ನಿಂತು ಬಿಚ್ಚಿಸಿದೆ. ತಪ್ಪಾಯಿತು ಅನ್ನುವ ಮಾತನ್ನು ಈ ಕಾಗದದಲ್ಲಿ ಹುಡುಕಬೇಡ, ಸಿಗುವುದಿಲ್ಲ.

ಮೂರೂವರೆ ವರ್ಷ ಆ ಗಾಡಿ ಪಡಸಾಲೆಯಲ್ಲಿ ಹೇಗೆ ನಿಂತಿತ್ತು ಅಂತ ನೀನೇ ನೋಡಿದ್ದೀ. ಸೀಟಿನ ಮೇಲೆ ನಿಮ್ಮಪ್ಪನ ಫೋಟೋ, ಹ್ಯಾಂಡಲ್ಲಿಗೆ ಹಾರ, ಸೋಮವಾರಕ್ಕೊಮ್ಮೆ ಟ್ಯಾಂಕಿಗೆ ವಿಭೂತಿ. ಬಂದವರೆಲ್ಲ ಮುಟ್ಟಿ ನಮಸ್ಕಾರ ಮಾಡುವವರೇ. ಮಹಾನವಮಿಯ ಖಂಡೇ ಪೂಜೆಗೆ ನಿನ್ನ ದೊಡ್ಡಪ್ಪ ಬಂದು ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಹೋಗುತ್ತಿದ್ದರು. ನಿಂಬೆಹಣ್ಣು ಇಟ್ಟ ಮೇಲೆ ಗಾಡಿ ಅದರ ಮೇಲೆ ಹಾಯಬೇಕೋ ಬೇಡವೋ? ಊರಿನ ಟ್ರ್ಯಾಕ್ಟರು, ಸ್ಕೂಟರು, ಸಣ್ಣ ಮಕ್ಕಳ ಸೈಕಲ್ಲು ಕೂಡ ಹಾಯುತ್ತವೆ. ನಮ್ಮ ಗಾಡಿ ಮಾತ್ರ ಹಾಯಲಿಲ್ಲ. ಸತ್ತವರ ಗಾಡಿ ಚಾಲೂ ಮಾಡಬಾರದಂತೆ. ಹಾಗಾದರೆ ಪೂಜೆ ಯಾತಕ್ಕೆ? ಮೂರು ದಸರೆಯ ನಿಂಬೆಹಣ್ಣು ಅಲ್ಲೇ ಒಣಗಿ ಅಡಿಕೆಯಾದವು. ಕಸ ಗುಡಿಸುವಾಗಲೆಲ್ಲ ಪೊರಕೆಗೆ ತಾಗಿ ಉರುಳುತ್ತಿದ್ದವು.

ಈ ವರ್ಷ ದೊಡ್ಡಪ್ಪ ಇನ್ನೊಂದು ಹೆಜ್ಜೆ ಮುಂದೆ ಹೋದರು. ಹೊಲದಲ್ಲಿ ನಿಮ್ಮಪ್ಪನ ಸಮಾಧಿಯ ಪಕ್ಕ ಕಟ್ಟೆ ಕಟ್ಟಿಸಿ, ಗಾಜಿನ ಮನೆ ಮಾಡಿ, ಅದರೊಳಗೆ ಗಾಡಿ ಇಡುವುದು ಅಂದರು. "ಹೋಗು ಬರೂ ಮಂದಿ ನೋಡ್ಬೇಕು, ಚನ್ನೇಶ ಈ ಗಾಡಿ ಮ್ಯಾಲೆ ಲೇಹ್‌ದತನಕ ಹೋಗಿ ಬಂದಾನ ಅಂತ." ನೀನೂ ಫೋನಿನಲ್ಲಿ ಹೂಂ ಅಂದೆಯಂತೆ. ನನ್ನನ್ನು ಯಾರೂ ಕೇಳಲಿಲ್ಲ.

ನಿಮ್ಮಪ್ಪ ಲೇಹ್‌ಗೆ ಎರಡು ಸಲ ಹೋದರು, ಕನ್ಯಾಕುಮಾರಿಗೆ ಮೂರು ಸಲ. ನಾನು ಅದೇ ಗಾಡಿಯ ಹಿಂದೆ ಕೂತು ಶಿಗ್ಗಾಂವಿ ದಾಟಿ ಹೋದವಳಲ್ಲ. ಮದುವೆಯ ಹೊಸದರಲ್ಲಿ ನನಗೂ ಕಲಿಸಿ ಅಂತ ಕೇಳಿದ್ದೆ. ರಟ್ಟೀಹಳ್ಳಿಯ ತವರಿನಲ್ಲಿ ಅಣ್ಣನ ಲೂನಾ ಓಡಿಸಿದ ಧೈರ್ಯ ಇತ್ತು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇದು ನಿನ್ನ ಕೈಯಾಗ ನಿಲ್ಲೂ ಗಾಡಿ ಅಲ್ಲ ಬಿಡ ಮಾದೇವಿ" ಅಂದರು. ಪ್ರೀತಿಯಿಂದಲೇ ಅಂದರು, ಸುಳ್ಳು ಹೇಳಬಾರದು. ಆದರೂ ನನಗೆ ಸಿಟ್ಟು ಬಂತು, ಅದು ಇವತ್ತಿಗೂ ಪೂರ್ತಿ ಹೋಗಿಲ್ಲ.

ನನ್ನ ಕೆಲಸ ನಿನಗೆ ಗೊತ್ತು. ಬೀಜದ ಕಂಪನಿಯವರು ನನ್ನನ್ನು ಪ್ಲಾಟು ನೋಡಿಕೊಳ್ಳಲು ಇಟ್ಟುಕೊಂಡಿದ್ದಾರೆ. ಬೆಂಡೆಯ ಹೂವಿಗೆ ಹೆಣ್ಣುಮಕ್ಕಳು ಕೈಯಿಂದ ಪರಾಗ ಮುಟ್ಟಿಸುವುದು ಬೆಳಗಿನ ಕೆಲಸ, ಬಿಸಿಲು ಏರಿದರೆ ಮುಗಿಯಿತು. ಆಗಸ್ಟಿನಲ್ಲಿ ಹಿರೇಕೆರೂರು ಕಡೆಯ ಪ್ಲಾಟುಗಳನ್ನೂ ನನಗೇ ಕೊಟ್ಟರು. ಎಂಟು ಗಂಟೆಗೆ ಹೊಲದಲ್ಲಿ ಇರುವುದಾದರೆ ಇರು, ಇಲ್ಲವಾದರೆ ಬೇರೆಯವರನ್ನು ನೋಡುತ್ತೇವೆ ಅಂದರು. ಎರಡು ಬಸ್ ಬದಲಿಸಿ ಹೋದರೆ ನಾನು ಮುಟ್ಟುವ ಹೊತ್ತಿಗೆ ಹೆಣ್ಣುಮಕ್ಕಳು ಬುತ್ತಿ ಬಿಚ್ಚಿರುತ್ತಾರೆ. ಮನೆಯಲ್ಲಿ ಗಾಡಿ ಇದೆ, ಅದಕ್ಕೆ ವಿಭೂತಿ ಹಚ್ಚುತ್ತಾ ನಾನು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಬೇಕೇ? ಗೂಡ್ಸ್ ಟೆಂಪೋ ಕರೆಸಿದೆ, ಹಗ್ಗ ಕಟ್ಟಿಸಿದೆ, ಸವಣೂರಿಗೆ ಹೊರಟೆ. ನಿನ್ನ ಅಜ್ಜಿ ಹೊಸ್ತಿಲಲ್ಲಿ ಕೂತು ಎದೆ ಬಡಿದುಕೊಂಡಳು. ನಾನು ಟೆಂಪೋದ ಕಿಟಕಿಯ ಗಾಜು ಏರಿಸಿದೆ.

ದಿಲ್ಶಾದ ಮಿಸ್ತ್ರಿ ಮೊದಲು ಕೈ ಹಚ್ಚಲೇ ಇಲ್ಲ. ಆ ಗಾಡಿಗೆ ದೂರದ ಸವಾರಿಯ ಸಾಮಾನೆಲ್ಲ ಕೂಡಿಸಿದವನು ಅವನೇ ಅಲ್ಲವೇ. "ಇದರ ಒಂದೊಂದು ಬೋಲ್ಟ್ ನಾನ ಬಿಗದೇನ್ರಿ ಅಕ್ಕಾರ. ಅಣ್ಣಾರ ಗಾಡಿ ಬಿಚ್ಚು ಅಂದ್ರ ಹೆಂಗ ಬಿಚ್ಚಲ್ರಿ?" ಅಂದ.

"ಪಾನಾ ಕೊಡ್ರಿ ಇಲ್ಲೆ" ಅಂತ ಕೈ ಚಾಚಿದೆ.

ಎಲ್ಲಿಂದ ಶುರು ಮಾಡುತ್ತೀರಿ ಅಂತ ಕೇಳಿದ. ಡಬಲ್ ಸ್ಟ್ಯಾಂಡಿನಿಂದ ಅಂದೆ. ಅದು ಉಪಯೋಗದ ವಸ್ತು, ಇರಲಿ ಅಂದ. ನಾನು ನೆಲದ ಮೇಲೆ ಕೂತು ಅದರ ಬೋಲ್ಟಿಗೆ ಪಾನಾ ಹಾಕಿದೆ. ತುಕ್ಕು ಹಿಡಿದಿತ್ತು, ಅಂಗೈ ಸುಲಿಯಿತು. ಅದು ಸಡಿಲಾದ ಮೇಲೆ ದಿಲ್ಶಾದನೂ ನನ್ನ ಪಕ್ಕ ಕೂತ.

ಎರಡೂ ಬದಿಯ ಪೆಟ್ಟಿಗೆ ಹೋದವು. ಮುಂದಿನ ಗಾಳಿ ತಡೆಯುವ ಗಾಜು, ಹಿಂದಿನ ಕ್ಯಾರಿಯರು, ಬೆನ್ನು ಆನಿಸುವ ದಿಂಬು, ಪೆಟ್ರೋಲ್ ಕ್ಯಾನಿನ ಪಟ್ಟಿ, ನಾಲ್ಕು ಹೆಚ್ಚಿನ ಲೈಟು, ಕಬ್ಬಿಣದ ಮಡ್‌ಗಾರ್ಡು. ಎಡಗಡೆಯ ಲೆಗ್‌ಗಾರ್ಡ್ ತೆಗೆಯುವಾಗ ದಿಲ್ಶಾದ ಅದನ್ನು ತಿರುವಿ ತಿರುವಿ ನೋಡಿದ. "ಇದು ಯಾವಾಗ ಬೆಂಡ್ ಆತ್ರಿ? ಅಣ್ಣಾರು ಗಾಡಿ ಕೆಡವಿದ್ದು ನಾ ಒಮ್ಮಿನೂ ಕಂಡಿಲ್ಲ." ಗೊತ್ತಿಲ್ಲ ಅಂದೆ. ಕಡೆಗೆ ಸೀರೆ ಗಾರ್ಡ್. ಅದನ್ನೂ ತೆಗಿ ಅಂದೆ. ಟ್ಯಾಂಕಿಗೆ ಹೊಸ ಬಣ್ಣ ಹೊಡೆಯಲೇ ಅಂದಾಗ ಮಾತ್ರ ಬೇಡ ಅಂದೆ. ನೀನು ಮೂರನೇ ಕ್ಲಾಸಿನಲ್ಲಿ ಅಂಟಿಸಿದ ಚಿಟ್ಟೆ ಅಲ್ಲೇ ಇದೆ, ಒಂದು ರೆಕ್ಕೆ ಅಳಿಸಿದೆ. ಅದು ನಿನಗೆ ಬಂದ ಫೋಟೋದಲ್ಲಿ ಕಾಣಲಿಲ್ಲ. ದೊಡ್ಡಪ್ಪ ಆ ಕಡೆಯಿಂದ ತೆಗೆಯಲಿಲ್ಲ.

ಹ್ಯಾಂಡಲ್ ಎಂಥದಿರಲಿ, ಸೀಟು ಎಂಥದಿರಲಿ ಅಂತ ದಿಲ್ಶಾದ ಹತ್ತು ಸಲ ಕೇಳಿದ. ನಾನು ಹೇಳಿದ್ದು ಒಂದೇ. "ಬಿದ್ರ ನಾ ಒಬ್ಬಾಕೀನ ಎತ್ತಿ ನಿಲ್ಲಿಸಬೇಕು. ಅಷ್ಟು ಹಗುರ ಆಗ್ಬೇಕು." ಅವನು ಅದೇ ಲೆಕ್ಕದಲ್ಲಿ ಹ್ಯಾಂಡಲ್, ಸೀಟು ಹುಡುಕಿ ಹಾಕಿದ.

ಹೋಗುವಾಗ ಅಕ್ಕಿ ಮಿಲ್ಲಿನ ಕಾಟಾದ ಮೇಲೆ ತೂಗಿಸಿದ್ದೆ, ಎರಡು ಕ್ವಿಂಟಲ್ ಹದಿನಾಲ್ಕು ಕೆಜಿ ಇತ್ತು. ಬಂದ ಮೇಲೆ ತೂಗಿಸಿದರೆ ಒಂದು ಕ್ವಿಂಟಲ್ ಅರವತ್ತೆರಡು. ಒಂದು ಚೀಲ ಭತ್ತದಷ್ಟು ಭಾರ ಇಳಿದಿತ್ತು. ಮಿಲ್ಲಿನ ಹಮಾಲರು ನಕ್ಕರು, ನಕ್ಕರೆ ನಗಲಿ. ಸವಣೂರಿನ ಬಯಲಿನಲ್ಲಿ ಹದಿನೈದು ದಿನ ಕಲಿತೆ. ಏಳು ಸಲ ಬಿದ್ದೆ, ಏಳು ಸಲವೂ ನಾನೇ ಎತ್ತಿದೆ. ದಿಲ್ಶಾದ ಓಡಿ ಬಂದರೆ ದೂರ ನಿಲ್ಲು ಅಂತ ಗದರಿಸಿದೆ. ಕಿಕ್ ಹೊಡೆಯುವಾಗ ಎಡಗಾಲಿನ ಮೇಲೆ ಮೈಭಾರ ಬಿದ್ದು, ಎಮ್ಮೆ ಒದ್ದ ಗಾಯದ ಜಾಗ ಇನ್ನೂ ನೋಯುತ್ತದೆ. ಲೈಸೆನ್ಸ್ ಬಂದಿದೆ, ಫೋಟೋದಲ್ಲಿ ಕಳ್ಳಿಯ ಹಾಗೆ ಕಾಣುತ್ತೇನೆ.

ಮಹಾನವಮಿಯ ದಿನ ಬೇಕೆಂದೇ ಮನೆಗೆ ತಂದೆ. ಅಂಗಳದಲ್ಲಿ ದೊಡ್ಡಪ್ಪ ಇದ್ದರು. "ಗಂಡಿಲ್ಲದಾಕಿ ಖಂಡೇ ಪೂಜಿ ಮಾಡಬಾರದವಾ ಮಾದೇವಿ. ಮನಿತನದ ಮರ್ಯಾದಿ ಅಂತ ಒಂದು ಇರತೈತಿ" ಅಂದರು. ನಾನು ನಿಂಬೆಹಣ್ಣು ತಂದು ನಾನೇ ಗಾಲಿಯ ಕೆಳಗೆ ಇಟ್ಟೆ. "ನೀವು ಮೂರು ವರ್ಷ ಇಟ್ರಿ ಭಾವಾರ, ಹಾಯಿಸಲಿಲ್ಲ. ನಾ ಹಾಯಿಸ್ತೇನಿ" ಅಂದೆ. ಅಜ್ಜಿ ಬಾಗಿಲ ಸಂದಿಯಿಂದ ಕೇಳಿದಳು, "ಸೀರಿ ಗಾರ್ಡ್ ತಗಸೀಯಲ್ಲ, ಹೆಣ್ಣಮಕ್ಕಳು ಹೆಂಗ ಕುಂದರಬೇಕ ಇದರಾಗ?"

"ಮುಂದ ಕುಂದರಾಕಿಗೆ ಸೀರಿ ಗಾರ್ಡ್ ಬ್ಯಾಡ್ರಿ ಅತ್ತಿ" ಅಂದೆ.

ನಿಂಬೆಹಣ್ಣು ಪಚ್ ಅಂತ ಒಡೆಯಿತು. ಆ ವಾಸನೆಗೆ ನನಗೆ ಒಮ್ಮೆಲೇ ಅಳು ಬಂತು, ಆದರೆ ತೋರಿಸಿಕೊಳ್ಳಲಿಲ್ಲ. ಬಿಚ್ಚಿದ ಸಾಮಾನೆಲ್ಲ ದೊಡ್ಡಪ್ಪನ ಮುಂದೆ ಇಟ್ಟು, ಗಾಜಿನ ಮನೆ ಕಟ್ಟಿಸುವುದಾದರೆ ಇವನ್ನು ಇಡಿ ಅಂದೆ. ಅವರು ಗಾಳಿಯ ಗಾಜು ಒಂದನ್ನೇ ಎತ್ತಿಕೊಂಡು ಹೋದರು. ಪೆಟ್ಟಿಗೆಯಲ್ಲಿ ಅಜ್ಜಿ ಶೇಂಗಾ ತುಂಬಿಟ್ಟಿದ್ದಾಳೆ.

ಈಗ ಬೆಳಿಗ್ಗೆ ಆರೂವರೆಗೆ ನಿಮ್ಮಪ್ಪನ ತುಂಬುತೋಳಿನ ಅಂಗಿ ಚೂಡಿದಾರದ ಮೇಲೆ ಹಾಕಿಕೊಂಡು ಹೊರಡುತ್ತೇನೆ. ಹೊಲದ ಬದುವಿನ ಮೇಲೂ ಗಾಡಿ ಹೋಗುತ್ತದೆ. ಹಿರೇಕೆರೂರಿನ ಹೆಣ್ಣುಮಕ್ಕಳು ಸದ್ದು ಕೇಳಿದೊಡನೆ ಹರಟೆ ನಿಲ್ಲಿಸಿ ಹೂವಿಗೆ ಕೈ ಹಾಕುತ್ತಾರೆ. ಒಬ್ಬಳು, "ಅಕ್ಕಾರ, ನನಗೂ ಒಮ್ಮೆ ಹಿಡಿಯಾಕ ಕೊಡ್ರಿ" ಅಂದಳು. ಬಿಡುವಿನಲ್ಲಿ ಕೊಟ್ಟೆ. ಅಜ್ಜಿ ನನ್ನೊಡನೆ ಮಾತು ಬಿಟ್ಟಿದ್ದಾಳೆ, ಹೇಳುವುದನ್ನೆಲ್ಲ ಎಮ್ಮೆಗೆ ಹೇಳುತ್ತಾಳೆ. "ಇವತ್ತ ಮಳಿ ಬರೂಹಂಗ ಐತಿ, ದೌಡ ಮನಿಗೆ ಬರಬೇಕವಾ" ಅಂತ ಎಮ್ಮೆಯ ಬೆನ್ನು ಸವರುತ್ತಾಳೆ. ನಾನೂ ಎಮ್ಮೆಗೇ ಹೂಂ ಅನ್ನುತ್ತೇನೆ.

ತನೂ, ನೀನು ಸಿಟ್ಟು ಮಾಡು, ಅದು ನಿನ್ನ ಹಕ್ಕು. ಆದರೆ ನಿಮ್ಮಪ್ಪನನ್ನು ನಾನು ಮರೆತೆ ಅಂತ ಮಾತ್ರ ತಿಳಿಯಬೇಡ. ಬರುವ ರವಿವಾರ ಹಾನಗಲ್ ಬಸ್‌ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿಯ ಹತ್ತು ಗಂಟೆಯ ಬಸ್ಸಿಗೆ ಕಾಯುತ್ತೇನೆ. ನೀನು ಇಳಿದರೆ ಮುಂದೆ ನೀನು ಕೂತುಕೋ, ನಾನು ಹಿಂದೆ ಕೂತು ಗೇರ್ ಹೇಳಿಕೊಡುತ್ತೇನೆ. ಇಳಿಯದಿದ್ದರೆ ಮುಂದಿನ ರವಿವಾರವೂ ಬರುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣು. ಕಲಿತ ವಿದ್ಯೆ ನಿನ್ನ ಕೈ ಹಿಡಿಯಲಿ, ಯಾರ ಮನೆಯ ಬಾಗಿಲಲ್ಲೂ ನೀನು ಕೈಲಾಗದೆ ನಿಲ್ಲುವಂತೆ ಆಗದಿರಲಿ.

ನಿನ್ನ ಅವ್ವ,
ಮಾದೇವಿ

ತಾ.ಕ. ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನನ್ನ ಕಾಲಿಗೆ ಎಮ್ಮೆ ಒದ್ದಿಲ್ಲ. ಆ ದಿನ ನೀವೆಲ್ಲ ಶಿಗ್ಗಾಂವಿಯ ಮದುವೆಗೆ ಹೋಗಿದ್ದಿರಿ, ಎಮ್ಮೆ ಈಯುವುದಿತ್ತು ಅಂತ ನಾವಿಬ್ಬರೇ ತೋಟದ ಮನೆಯಲ್ಲಿ ಉಳಿದಿದ್ದೆವು. ನಿಮ್ಮಪ್ಪ ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತರು. ಆಂಬುಲೆನ್ಸಿಗೆ ಫೋನ್ ಮಾಡಿದೆ, ಬರುವುದಕ್ಕೆ ಹೊತ್ತಾಗುತ್ತದೆ ಅಂದರು. ಆಗ ಅವರೇ ಹೇಳಿದರು, "ಗಾಡಿ ತಗಿ. ನೀ ಮುಂದ ಕುಂದರು, ನಾ ಹಿಂದ ಕುಂತು ಗೇರ್ ಹೇಳ್ತೇನಿ" ಅಂತ. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ. ನಾನು ಮೈಯೆಲ್ಲ ಹಾಕಿ ನೂಕಿದೆ, ಅದು ಆ ಡಬಲ್ ಸ್ಟ್ಯಾಂಡಿನಿಂದ ಇಳಿಯಲಿಲ್ಲ. ಇಳಿದಾಗ ನನ್ನ ಮೇಲೇ ಬಿತ್ತು. ನಾನು ಗಾಡಿಯ ಕೆಳಗೆ, ಅವರು ಕಟ್ಟೆಯ ಮೇಲೆ. "ಬಿಡ ಮಾದೇವಿ, ಭಾಳ ವಜ್ಜಿ ಐತಿ ಅದು" ಅಂದರು. ಆಮೇಲೆ ಮಾತಾಡಲಿಲ್ಲ. ಗಾಡಿ ಎತ್ತಿ ನಿಲ್ಲಿಸಿದವರು ಆಂಬುಲೆನ್ಸಿನವರು. ಕ್ಷಣದಲ್ಲಿ ಹೋದರು ಅಂತ ನಿಮಗೆಲ್ಲ ನಾನು ಹೇಳಿದ್ದು ಸುಳ್ಳು, ತನೂ. ಅರ್ಧ ಗಂಟೆ ಇದ್ದರು. ಅರ್ಧ ಗಂಟೆ ಅಂದರೆ ಏನು ಅಂತ ನರ್ಸಿಂಗ್ ಓದುವ ನಿನಗೆ ನಾನು ಹೇಳಬೇಕಾಗಿಲ್ಲ. ಬೈಯಬೇಕು ಅನಿಸಿದರೆ ಆ ಅರ್ಧ ಗಂಟೆಗೆ ನನ್ನನ್ನು ಬೈ. ಗಾಡಿ ಹಗುರ ಮಾಡಿದ್ದಕ್ಕೆ ಮಾತ್ರ ಬೈಯಬೇಡ.